ಬೇರ್ ಗ್ರಿಲ್ಸ್ ನೋಡ್ಕೊಂಡು ದೇವರಾಯನದುರ್ಗ ಹತ್ತಬೇಡ್ರಪ್ಪ

ಹೋದ ಸಂಚಿಕೇಲಿ ಒಬ್ರು ಓದುಗರು "ಟೀವೀಲಿ ಬರೋ ಕಾಡಲ್ಲಿ ಬದುಕೋ ಶೋಗಳ ಬಗ್ಗೆ ಒಂದ್ಸಲ ಬರೀರಿ ಸರ್" ಅಂತ ಒಂದೇ ಒಂದು ಸಾಲು ಹಾಕಿದ್ರು, ನಾನೂ ಸುಮ್ನಿರಲಾರದೆ ಪ್ರಶ್ನೆ ಇದ್ರೆ ಕಳ್ಸಿ ಅಂದ್ಬಿಟ್ಟೆ, ಈಗ ನೋಡಿದ್ರೆ ತುಮಕೂರು ಜಿಲ್ಲೆಗೆ ಜಿಲ್ಲೇನೇ ರಾತ್ರಿ ಊಟ ಮಾಡ್ಕೊಂಡು ಇದನ್ನೇ ನೋಡ್ತಾ ಕೂತಿದೆ ಅನ್ಸುತ್ತೆ. ಅದಕ್ಕೆ ಈ ಸಲ ಪೂರ್ತಿ ಅಂಕಣ ಇದಕ್ಕೇ. ಜಮೀನು ಖಾತೆ, ಮದುವೆ, ಪಿಯುಸಿ ಮಾರ್ಕ್ಸ್ ಪ್ರಶ್ನೆಗಳೋರು ಇನ್ನೊಂದು ಸಂಚಿಕೆ ತಡ್ಕೊಳ್ಳಿ.

ಸರ್, ಹಾಸ್ಟೆಲ್ಲಲ್ಲಿ ನಮ್ಮ ರೂಮಲ್ಲಿ ದೊಡ್ಡ ಗಲಾಟೆ. ರೂಮ್‌ಮೇಟ್ ಹೇಳ್ತಾನೆ ಮ್ಯಾನ್ ವರ್ಸಸ್ ವೈಲ್ಡ್ ಶೋದ ಬೇರ್ ಗ್ರಿಲ್ಸ್ ಕ್ಯಾಮೆರಾ ಆಫ್ ಆದ್ಮೇಲೆ ಹೋಟ್ಲಿಗೆ ಹೋಗಿ ಮಲಗ್ತಾನೆ ಅಂತ. ಎವರೆಸ್ಟ್ ಹತ್ತಿರೋ ಮನುಷ್ಯ, ಅವನಿಗೆ ಯಾಕ್ ಸರ್ ನಾಟಕ? ಬಿರಿಯಾನಿ ಬೆಟ್ ಕಟ್ಟಿದೀವಿ. ಯಾರು ಸರಿ?
(ಇಂಜಿನಿಯರಿಂಗ್ ವಿದ್ಯಾರ್ಥಿ, ತುಮಕೂರು)

ಬಿರಿಯಾನಿ ದುಡ್ಡು ಅರ್ಧರ್ಧ ಹಾಕ್ಕೊಳ್ಳಿ, ಯಾಕಂದ್ರೆ ಇಬ್ರೂ ಸರಿ.

ನೀನು ಹೇಳಿದ್ದು ನಿಜ. ಆ ಮನುಷ್ಯ ಬ್ರಿಟಿಷ್ ಸೈನ್ಯದ ಎಸ್ಎಎಸ್ ಅನ್ನೋ ಕಮಾಂಡೋ ಪಡೆಯ ರಿಸರ್ವ್ ವಿಭಾಗದಲ್ಲಿ ಇದ್ದೋನು, 1996ರಲ್ಲಿ ಆಫ್ರಿಕಾದಲ್ಲಿ ಪ್ಯಾರಾಶೂಟ್ ಸರಿಯಾಗಿ ಬಿಚ್ಕೊಳ್ದೆ ಬಿದ್ದು ಬೆನ್ನು ಮೂಳೆ ಮುರ್ಕೊಂಡು, ಎರಡು ವರ್ಷಕ್ಕೆ, 1998ರಲ್ಲಿ, 23ನೇ ವಯಸ್ಸಿಗೆ ಎವರೆಸ್ಟ್ ಹತ್ತಿದ. ಅದ್ರಲ್ಲಿ ಕ್ಯಾತೆ ತೆಗೆಯೋಕೆ ಏನಿಲ್ಲ.

ಆದ್ರೆ ನಿನ್ನ ರೂಮ್‌ಮೇಟ್ ಹೇಳಿದ್ದೂ ನಿಜ. 2007ರಲ್ಲಿ ಬ್ರಿಟನ್ ಪತ್ರಿಕೆಗಳಲ್ಲಿ ಇದು ದೊಡ್ಡ ಸುದ್ದಿ ಆಗಿತ್ತು. ಶೋಗೆ ಸಲಹೆ ಕೊಡ್ತಿದ್ದ ಒಬ್ಬ ಸರ್ವೈವಲ್ ಪರಿಣಿತನೇ ಬಾಯಿ ಬಿಟ್ಟ. ಕ್ಯಾಲಿಫೋರ್ನಿಯಾದ ಸಿಯೆರಾ ನೆವಾಡಾ ಬೆಟ್ಟದಲ್ಲಿ ಕಷ್ಟಪಡ್ತಿದ್ದ ಟೈಮಲ್ಲಿ ರಾತ್ರಿ ಹೊತ್ತು ಇಂಟರ್ನೆಟ್ ಎಲ್ಲಾ ಇರೋ ಲಾಡ್ಜಲ್ಲಿ ಇದ್ರು, ಹವಾಯಿಯಲ್ಲಿ ಯಾರೂ ಇಲ್ಲದ ದ್ವೀಪ ಅಂತ ತೋರಿಸ್ವಾಗ ರಾತ್ರಿ ಮೋಟೆಲಲ್ಲಿ ಇದ್ರು, ಬಿದಿರು ತಾಳೆಗರಿ ಕಟ್ಟಿ ತೆಪ್ಪ ಮಾಡ್ತಾನಲ್ಲ ಅದನ್ನ ಮೊದ್ಲೇ ಟೀಮಿನೋರು ಕಟ್ಟಿ ನೋಡಿ ಆಮೇಲೆ ಬಿಚ್ಚಿ ಇವನ ಕೈಗೆ ಕೊಟ್ಟಿದ್ರು, ಕಾಡು ಕುದುರೆ ಅಂತ ಹಿಡಿಯೋಕೆ ಹೋದ ಕುದುರೆಗಳನ್ನ ಗಾಡೀಲಿ ತುಂಬ್ಕೊಂಡು ಬಂದು ಬಿಟ್ಟಿದ್ರು. ಇಷ್ಟೆಲ್ಲಾ ಹೊರಗೆ ಬಂದ್ಮೇಲೆ ಡಿಸ್ಕವರಿಯೋರು ಶುರೂಲಿ ಒಂದು ಸೂಚನೆ ಹಾಕೋಕೆ ಶುರು ಮಾಡಿದ್ರು, ಕೆಲವು ಸನ್ನಿವೇಶಗಳನ್ನ ತೋರಿಸೋದಕ್ಕೋಸ್ಕರ ಸೃಷ್ಟಿ ಮಾಡಿದೀವಿ, ಟೀಮಿಂದ ಸಹಾಯ ಸಿಗುತ್ತೆ ಅಂತ. ಅದು ಬರೋ ಹೊತ್ತಿಗೆ ನಾವು ರಿಮೋಟ್ ಹುಡುಕ್ತಾ ಇರ್ತೀವಿ, ಓದೋರ್ಯಾರು.

ನಾನು ಹೇಳೋದು ಒಂದೇ, ಯಾವ ಶೋ ನೋಡಿದ್ರೂ ಮೊದ್ಲು ಕ್ಯಾಮೆರಾ ಎಲ್ಲಿದೆ ನೋಡು. ಬಂಡೆಯಿಂದ ಇವನು ಕೆಳಗೆ ಹಾರ್ತಾನೆ, ಕೆಳಗಡೆಯಿಂದ ಶಾಟ್ ಬರುತ್ತೆ. ಅಂದ್ರೆ ಕೆಳಗೆ ಒಬ್ಬ ಆಗ್ಲೇ ಆರಾಮಾಗಿ ಇಳಿದು ನಿಂತಿದಾನೆ ಅಂತಾಯ್ತು, ಹಾಗಾದ್ರೆ ಇಳಿಯೋಕೆ ದಾರಿ ಇದೆ, ಹಾರೋದ್ಯಾಕೆ?

ಕ್ಯಾಮೆರಾದ ವಿಷಯದಲ್ಲಿ ಮರ್ಯಾದೆ ಉಳಿಸ್ಕೊಂಡೋನು ಅಂದ್ರೆ ಕೆನಡಾದ ಲೆಸ್ ಸ್ಟ್ರೌಡ್. ಅವನ ಸರ್ವೈವರ್‌ಮ್ಯಾನ್ 2004ರಲ್ಲೇ ಬಂದಿದ್ದು. ಕ್ಯಾಮೆರಾಗಳನ್ನ ತಾನೇ ಹೊತ್ಕೊಂಡು ಹೋಗ್ತಾನೆ, ದೂರಕ್ಕೆ ನಡ್ಕೊಂಡು ಹೋಗೋ ಶಾಟ್ ಬೇಕು ಅಂದ್ರೆ ಕ್ಯಾಮೆರಾ ಸ್ಟ್ಯಾಂಡ್ ನೆಟ್ಟು, ನಡ್ಕೊಂಡು ಹೋಗಿ, ಮತ್ತೆ ವಾಪಸ್ ಬಂದು ಕ್ಯಾಮೆರಾ ಎತ್ಕೊಂಡು ಹೋಗ್ಬೇಕು, ಹೊಟ್ಟೇಲಿ ಏನೂ ಇಲ್ದೇ ಒಂದೇ ದಾರೀನ ಮೂರ್ಮೂರು ಸಲ. ಟೀಮು ದೂರದಲ್ಲೆಲ್ಲೋ ಇರುತ್ತೆ, ಎಮರ್ಜೆನ್ಸಿಗೆ ಅಂತ. ಅವನ ಶೋ ನೋಡಿದ್ರೆ ಅರ್ಧ ಹೊತ್ತು ಏನೂ ನಡಿಯಲ್ಲ. ಬೆಂಕಿ ಹತ್ತಲ್ಲ, ಮೀನು ಸಿಗಲ್ಲ, ಮಳೆ ಬರುತ್ತೆ, ಕೂತ್ಕೊಂಡು ಗೊಣಗ್ತಾನೆ. ನನ್ನ ಲೆಕ್ಕದಲ್ಲಿ ಅದೇ ನಿಜವಾದ ಸರ್ವೈವಲ್, ಬೋರು ಹೊಡೀದೇ ಇದ್ರೆ ಎಲ್ಲೋ ಮೋಸ ಇದೆ ಅಂತಾನೇ ಅರ್ಥ.

ಇನ್ನೂ ಮುಂದಕ್ಕೆ ಹೋಗಿದ್ದು ಅಲೋನ್ ಅನ್ನೋ ಶೋ. 2015ರಲ್ಲಿ ಶುರುವಾಯ್ತು, ಮೊದಲ ಸೀಸನ್ ಕೆನಡಾದ ವ್ಯಾಂಕೂವರ್ ದ್ವೀಪದಲ್ಲಿ, ಹತ್ತು ಜನ, ಒಬ್ಬೊಬ್ರನ್ನೂ ಬೇರೆ ಬೇರೆ ಜಾಗದಲ್ಲಿ ಬಿಡ್ತಾರೆ, ಪಟ್ಟೀಲಿರೋದ್ರಲ್ಲಿ ಹತ್ತು ಸಾಮಾನು ಆರಿಸ್ಕೋಬೋದು, ಶೂಟಿಂಗ್ ತಾವೇ ಮಾಡ್ಕೋಬೇಕು, ಸಾಕು ಅನ್ಸಿದ್ರೆ ಸ್ಯಾಟಲೈಟ್ ಫೋನಲ್ಲಿ ಒಂದು ಮಾತು ಹೇಳಿದ್ರೆ ಬಂದು ಕರ್ಕೊಂಡು ಹೋಗ್ತಾರೆ. ಒಬ್ಬ ಕರಡಿ ಸದ್ದಿಗೆ ಮೊದಲನೇ ರಾತ್ರೀನೇ ಫೋನ್ ಮಾಡಿದ. ಗೆದ್ದೋನು 56 ದಿನ ಇದ್ದ, 5 ಲಕ್ಷ ಡಾಲರ್ ತಗೊಂಡ. ಏಳನೇ ಸೀಸನ್ನಲ್ಲಿ 100 ದಿನ ಇದ್ರೆ 10 ಲಕ್ಷ ಡಾಲರ್ ಅಂದ್ರು, ಅದನ್ನೂ ಒಬ್ಬ ಮಾಡಿ ತೋರಿಸ್ದ. ಮಧ್ಯೆ ಮಧ್ಯೆ ಡಾಕ್ಟ್ರು ಬಂದು ತೂಕ ನೋಡ್ತಾರೆ, ತೀರಾ ಸೊರಗಿದ್ರೆ ಆಚೆಗೆ ಹಾಕ್ತಾರೆ. ಅಲ್ಲಿ ಜನ ಸೋಲೋದು ಹೆಚ್ಚಾಗಿ ಎರಡು ಕಾರಣಕ್ಕೆ, ಹಸಿವು ಒಂದು, ಹೆಂಡ್ತಿ ಮಕ್ಕಳ ನೆನಪು ಇನ್ನೊಂದು. ಹಾರೋದು, ಪಲ್ಟಿ ಹೊಡಿಯೋದು ಎಲ್ಲೂ ಬರಲ್ಲ.

ಹೋಟ್ಲಲ್ಲಿ ಮಲಗಿದ್ದು ನನಗೇನೂ ದೊಡ್ಡ ತಪ್ಪು ಅನ್ಸಲ್ಲ ನೋಡು, ಸಿನಿಮಾ ಹೀರೋ ರಾತ್ರಿ ಮನೆಗೆ ಹೋಗಲ್ವಾ. ಕಾಡಲ್ಲಿ ತಪ್ಪಿಸ್ಕೊಂಡೋರು ಏನು ಮಾಡಬಾರದೋ ಅದನ್ನೇ ಮಾಡಿ ತೋರಿಸಿ ಇದೇ ದಾರಿ ಅಂತಾರಲ್ಲ, ಅದು ನನಗೆ ಸಹಿಸೋಕಾಗಲ್ಲ. ಮುಂದಿನ ಉತ್ತರಗಳಲ್ಲಿ ಇದೇ ಮತ್ತೆ ಮತ್ತೆ ಬರುತ್ತೆ, ಬೇಜಾರು ಮಾಡ್ಕೋಬೇಡಿ.

ಮೋದಿಯವರು ಮ್ಯಾನ್ ವರ್ಸಸ್ ವೈಲ್ಡ್ ಶೋದಲ್ಲಿ ಹಿಂದೀಲಿ ಮಾತಾಡಿದ್ರೆ ಬೇರ್ ಗ್ರಿಲ್ಸ್‌ಗೆ ಹೆಂಗೆ ಅರ್ಥ ಆಗ್ತಿತ್ತು?
(ಶಿರಾ)

ಇದನ್ನ ಅವರೇ ಹೇಳಿದಾರೆ. ಆ ಎಪಿಸೋಡ್ ಬಂದಿದ್ದು 2019ರ ಆಗಸ್ಟ್ 12ಕ್ಕೆ, ಜಿಮ್ ಕಾರ್ಬೆಟ್ ಕಾಡಲ್ಲಿ ತೆಗೆದಿದ್ದು. ಅದೇ ತಿಂಗಳು ಮನ್ ಕಿ ಬಾತ್‌ನಲ್ಲಿ, ಅವನ ಕಿವೀಲಿ ಒಂದು ಸಣ್ಣ ವೈರ್‌ಲೆಸ್ ಯಂತ್ರ ಇತ್ತು, ನಾನು ಹಿಂದೀಲಿ ಹೇಳಿದ್ದು ಅವನಿಗೆ ತಕ್ಷಣ ಇಂಗ್ಲಿಷಲ್ಲಿ ಕೇಳಿಸ್ತಿತ್ತು ಅಂದ್ರು. ಅಲ್ಲಿಗೆ ದಟ್ಟ ಕಾಡಲ್ಲಿ ಇಬ್ರೇ ಅನ್ನೋದು ಎಷ್ಟರ ಮಟ್ಟಿಗೆ ಇಬ್ರೇ ಅಂತ ನೀವೇ ಲೆಕ್ಕ ಹಾಕ್ಕೊಳ್ಳಿ. ನಮ್ಮ ಬಂಡೀಪುರಕ್ಕೆ ರಜನಿಕಾಂತ್ ಬಂದಿದ್ದು 2020ರ ಜನವರೀಲಿ, ಅದು ಇನ್ ಟು ದ ವೈಲ್ಡ್ ಅನ್ನೋ ಬೇರೆ ಶೋ, ಅದಾದ್ಮೇಲೆ ಅಕ್ಷಯ್ ಕುಮಾರ್ ಕೂಡ ಬಂದಿದ್ರು. ಸ್ಟಾರ್‌ಗಳ ಎಪಿಸೋಡು ಸರ್ವೈವಲ್ ಕಲಿಯೋಕೆ ಅಂತ ಯಾರೂ ನೋಡಲ್ಲ ಬಿಡಿ, ತಲೈವರ್ ಕಾಡಲ್ಲಿ ಹೆಂಗ್ ನಡೀತಾರೆ ಅಂತ ನೋಡೋಕೆ ನಾನೂ ನೋಡಿದೀನಿ.

ನಮ್ಮ ಯಜಮಾನ್ರು ದಿನಾ ರಾತ್ರಿ ಈ ಕಾಡು ಶೋನೇ ನೋಡೋದು. ಗೇಟಿಂದ ಗ್ಯಾಸ್ ಸಿಲಿಂಡರ್ ಒಳಗೆ ತರೋಕೆ ಸೊಂಟ ನೋವು ಅಂತಾರೆ, ಟೀವೀಲಿ ಅವನು ಮೊಸಳೆ ಇರೋ ನದಿ ಈಜೋವಾಗ "ಹಂಗಲ್ಲ ಕಣೋ, ಎಡಗಡೆ ಹೋಗು" ಅಂತ ಇವರೇ ಹೇಳ್ಕೊಡ್ತಾರೆ. ಇದ್ರಲ್ಲಿ ಅಂಥದ್ದೇನಿದೆ ಸರ್?
(ಗೃಹಿಣಿ, ತಿಪಟೂರು)

ಅಮ್ಮ, ನಿಮ್ಮ ಯಜಮಾನ್ರು ಏನು ಕೆಲಸ ಮಾಡ್ತಾರೆ ಅಂತ ಬರೀಲಿಲ್ಲ ನೀವು. ತಿಪಟೂರು ಅಂದ್ರೆ ಕೊಬ್ಬರಿ ವ್ಯವಹಾರನೋ, ಆಫೀಸೋ, ಏನೇ ಆಗಿರ್ಲಿ, ಅವರ ದಿನದ ತಾಪತ್ರಯ ಒಂದು ದಿನಕ್ಕೆ ಮುಗಿಯೋದಲ್ಲ. ಕೊಬ್ಬರಿ ರೇಟು ಇವತ್ತು ಬಿದ್ರೆ ಯಾವಾಗ ಏಳುತ್ತೋ ಗೊತ್ತಿಲ್ಲ, ಸಾಲದ ಕಂತು ತಿಂಗಳು ತಿಂಗಳು ಬರ್ತಾನೇ ಇರುತ್ತೆ, ಅಣ್ಣ ತಮ್ಮಂದಿರ ಭಾಗದ ಕೇಸು ತಾಲ್ಲೂಕು ಕೋರ್ಟಲ್ಲಿ ವರ್ಷಗಟ್ಟಲೆ. ಟೀವೀಲಿ ಆ ಮನುಷ್ಯನ ತಾಪತ್ರಯ ನೋಡಿ, ಬಾಯಾರಿಕೆ ಆಯ್ತು ನೀರು ಸಿಕ್ತು, ಚಳಿ ಆಯ್ತು ಬೆಂಕಿ ಹತ್ತಿತು, ದಾರಿ ತಪ್ತು ರೋಡು ಸಿಕ್ತು, ಒಂದು ಗಂಟೆಗೆ ಎಲ್ಲಾ ಮುಗೀತು. ಅಲ್ಲಿ ಯಾರಿಗೂ ಬಾಗಬೇಕಿಲ್ಲ, ಯಾವ ಆಫೀಸರ್ ಸೈನೂ ಬೇಡ. ಅದು ನೋಡೋಕೆ ಬಹಳ ಹಿತವಾಗಿರುತ್ತೆ ಅಮ್ಮ, ನೀವು ಸೀರಿಯಲ್ ನೋಡೋದೂ ಸ್ವಲ್ಪ ಅದಕ್ಕೇ ಅಲ್ವಾ, ಕೋಪ ಮಾಡ್ಕೋಬೇಡಿ.

ಇನ್ನೊಂದು ಇದೆ. ನಾನಾಗಿದ್ರೆ ಏನ್ಮಾಡ್ತಿದ್ದೆ ಅಂತ ಮನಸ್ಸಲ್ಲೇ ಆಡೋ ಆಟ ಅದು. ಕ್ರಿಕೆಟ್ ನೋಡ್ತಾ ಕೊಹ್ಲಿಗೆ ಬ್ಯಾಟ್ ಹಿಡಿಯೋದು ಹೇಳ್ಕೊಡೋರು ಇಲ್ವಾ, ಹಾಗೇ. ಕಾಡಿನ ಶೋದಲ್ಲಿ ಆ ಆಟ ಇನ್ನೂ ಸುಲಭ, ಯಾಕಂದ್ರೆ ಕೊಹ್ಲಿ ಥರ ಆಡೋಕೆ ನಮ್ಮ ಕೈಲಿ ಆಗಲ್ಲ ಅಂತ ಎಲ್ರಿಗೂ ಗೊತ್ತು, ಆದ್ರೆ ಬೆಂಕಿ ಹಚ್ಚೋದು ನೀರು ಹುಡುಕೋದು ನಮಗೂ ಆಗುತ್ತೆ ಅನ್ಸುತ್ತೆ. ಕನ್ನಡದಲ್ಲೂ ಸುವರ್ಣ ಚಾನೆಲ್‌ನೋರು ಪ್ಯಾಟೆ ಹುಡುಗೀರನ್ನ ಹಳ್ಳಿಗೆ ಬಿಟ್ರು, ಪ್ಯಾಟೆ ಮಂದೀನ ಕಾಡಿಗೆ ಬಿಟ್ರು, ಅದನ್ನ ನಾವು ನೋಡಿ ನಕ್ಕಿದ್ದು ಅವರಿಗೆ ಬರ್ದೇ ಇರೋದು ನಮಗೆ ಬರುತ್ತೆ ಅನ್ನೋ ಜಂಬಕ್ಕೆ.

ಸಿಲಿಂಡರ್ ವಿಷಯಕ್ಕೆ ಒಂದು ಉಪಾಯ ಇದೆ, ಅಲೋನ್ ಥರ ಹತ್ತೇ ಸಾಮಾನು ಕೊಟ್ಟು ಒಂದು ಭಾನುವಾರ ಅಡುಗೆಮನೇಲಿ ಬಿಡಿ. ಸಾಯಂಕಾಲದೊಳಗೆ ಗೊತ್ತಾಗುತ್ತೆ.

ನಮ್ಮ ಗುಂಪಿಗೆ ಒಂದು ವಾದ ಬಗೆಹರಿಸಿ. ನೀರು ಸಿಗ್ಲಿಲ್ಲ ಅಂದ್ರೆ ಮೂತ್ರ ಕುಡಿದು ಬದುಕಬೋದಾ? ಕಳ್ಳಿ ಗಿಡದಲ್ಲಿ ನೀರಿರುತ್ತೆ ಅಂತಾರಲ್ಲ ಅದು?
(ಗುಬ್ಬಿ)

ಬೇಡ. ಅಮೆರಿಕದ ಸೈನ್ಯದ ಸರ್ವೈವಲ್ ಕೈಪಿಡೀಲಿ ಕುಡಿಯಬಾರದ ವಸ್ತುಗಳ ಪಟ್ಟೀಲೇ ಮೂತ್ರ ಇದೆ, ಅದ್ರಲ್ಲಿ ಸುಮಾರು ಎರಡು ಪರ್ಸೆಂಟ್ ಉಪ್ಪು, ಜೊತೆಗೆ ದೇಹ ಆಚೆಗೆ ಹಾಕಿರೋ ಕಸ. ಬಾಯಾರಿದಾಗ ಮೂತ್ರ ಇನ್ನೂ ಗಟ್ಟಿ ಆಗಿರುತ್ತೆ, ಅದನ್ನ ಮತ್ತೆ ಒಳಗೆ ಹಾಕಿದ್ರೆ ಆಚೆಗೆ ತಳ್ಳೋಕೆ ದೇಹ ಇದ್ದಬದ್ದ ನೀರನ್ನೂ ಖರ್ಚು ಮಾಡುತ್ತೆ. ಟೀವೀಲಿ ಬೇರ್ ಗ್ರಿಲ್ಸ್ ಕುಡಿದಿದ್ದು ಯಾಕಂದ್ರೆ, ನೀವು ಇವತ್ತೂ ಅದ್ರ ಬಗ್ಗೆ ನನಗೆ ಕಾಗದ ಬರೀತೀರಲ್ಲ, ಅದಕ್ಕೆ.

ಕಳ್ಳಿ ಅಂದ್ರಲ್ಲ, ಅಮೆರಿಕದ ಮರುಭೂಮಿ ಕಳ್ಳಿಗಳಲ್ಲೇ ಹೆಚ್ಚಿನವು ಕುಡಿದ್ರೆ ವಾಂತಿ ತರಿಸೋವಂಥವು. ನಮ್ಮ ಹೊಲದ ಬೇಲೀಲಿರೋ ಕಳ್ಳಿ ಮುರಿದ್ರೆ ಬರೋದು ಹಾಲು, ಅದು ಕಣ್ಣಿಗೆ ಬಿದ್ರೆ ಏನಾಗುತ್ತೆ ಅಂತ ಗುಬ್ಬಿಯೋರಿಗೆ ನಾನು ಹೇಳ್ಬೇಕಾ, ನಿಮ್ಮ ಅಜ್ಜೀನ ಕೇಳಿ, ಬರ್ಲು ತಗೊಂಡು ಹೇಳ್ತಾರೆ.

ನಾನು ಸರ್ಕಾರಿ ಶಾಲೆ ವಿಜ್ಞಾನ ಶಿಕ್ಷಕ. ಮಕ್ಕಳು ಈ ಶೋ ನೋಡಿ "ಎಂಥ ನೀರಾದ್ರೂ ಕುದಿಸಿದ್ರೆ ಕುಡಿಯಬೋದು ಸಾರ್" ಅಂತಾರೆ. ನಮ್ಮ ಊರಿನ ನೀರಿಗೆ ಇದು ಸರಿನಾ?
(ಪಾವಗಡ)

ಮೇಷ್ಟ್ರೇ, ಈ ಸಲ ಬಂದ ಪ್ರಶ್ನೆಗಳಲ್ಲಿ ನನಗೆ ತುಂಬಾ ಇಷ್ಟ ಆಗಿದ್ದು ಇದು. ಶೋದಲ್ಲಿ ತೋರಿಸೋದು ಹೆಚ್ಚಾಗಿ ಹರಿಯೋ ಹಳ್ಳ, ನದಿ, ಹಿಮದ ನೀರು. ಅದ್ರಲ್ಲಿರೋ ಅಪಾಯ ಅಂದ್ರೆ ಕ್ರಿಮಿಗಳು, ಕುದಿಸಿದ್ರೆ ಸಾಯ್ತವೆ, ಸರಿ. ಪಾವಗಡದ್ದು ಬೇರೇನೇ ಕಥೆ. ಅಲ್ಲಿ ಬೋರ್‌ವೆಲ್ ಆಳಕ್ಕೆ ಹೋದಂಗೆಲ್ಲ ಕಲ್ಲಿಂದ ಕರಗಿ ಬಂದಿರೋ ಫ್ಲೋರೈಡ್ ನೀರಲ್ಲಿ ಸೇರ್ಕೊಂಡಿದೆ, ಲೀಟರಿಗೆ ಒಂದೂವರೆ ಮಿಲಿಗ್ರಾಂ ದಾಟಿದ್ರೆ ಕುಡಿಯೋಕೆ ಯೋಗ್ಯ ಅಲ್ಲ ಅಂತ ಸರ್ಕಾರದ ಮಾನದಂಡನೇ ಹೇಳುತ್ತೆ. ಕುದಿಸಿದ್ರೆ ಫ್ಲೋರೈಡ್ ಎಲ್ಲೂ ಹೋಗಲ್ಲ, ನೀರು ಆವಿಯಾಗಿ ಹೋಗಿ ಉಳಿದ ನೀರಲ್ಲಿ ಅದು ಇನ್ನೂ ಜಾಸ್ತಿ ಆಗುತ್ತೆ. ಬಟ್ಟೇಲಿ ಸೋಸಿದ್ರೂ ಇಲ್ಲ, ಇದ್ದಿಲು ಮರಳಲ್ಲಿ ಇಳಿಸಿದ್ರೂ ಇಲ್ಲ. ಆರ್‌ಓ ಘಟಕದ ನೀರೇ ಕುಡೀಬೇಕು, ಇಲ್ಲಾಂದ್ರೆ ಮಳೆ ನೀರು ಹಿಡಿದಿಟ್ಕೋಬೇಕು. ಹಲ್ಲಲ್ಲಿ ಕಂದು ಕಲೆ ಇರೋರು ನಿಮ್ಮ ಕ್ಲಾಸಲ್ಲೇ ಇರ್ತಾರೆ, ಮೊಳಕಾಲು ಬಾಗಿರೋರು ಊರಲ್ಲಿ ಇರ್ತಾರೆ, ಮಕ್ಕಳಿಗೆ ಹೇಳೋಕೆ ಟೀವಿ ಉದಾಹರಣೆ ಬೇಕಾಗೇ ಇಲ್ಲ.

ಕೈಗಾರಿಕೆ ನೀರು, ಔಷಧಿ ಹೊಡೆದ ಹೊಲದಿಂದ ಹರಿದು ಬಂದ ನೀರಿಗೂ ಇದೇ ಮಾತು. ಶೋಗೆ ಜಾಗ ಆರಿಸೋರು ಇಂಥ ನೀರಿನ ಹತ್ರ ಕ್ಯಾಮೆರಾ ತಗೊಂಡು ಬರೋದೇ ಇಲ್ಲ. ದೇವರಾಯನದುರ್ಗದ ನಾಮದ ಚಿಲುಮೇಲಿ ರಾಮ ಹಣೆಗೆ ನಾಮ ಇಟ್ಕೊಳ್ಳೋಕೆ ನೀರಿಲ್ಲ ಅಂತ ಬಂಡೆಗೆ ಬಾಣ ಬಿಟ್ಟು ನೀರು ತರಿಸಿದ ಅಂತ ನಮ್ಮಲ್ಲಿ ಕಥೆ ಇದೆಯಲ್ಲ, ಪಾವಗಡದಲ್ಲಿ ಬಿಟ್ಟಿದ್ರೆ ಮೊದ್ಲು ಟೆಸ್ಟಿಂಗ್ ಲ್ಯಾಬಿಗೆ ಕಳಿಸ್ಬೇಕಾಗಿತ್ತು. (ತಮಾಷೆಗೆ ಹೇಳಿದ್ದು, ಕಾಗದ ಬರೀಬೇಡಿ.)

ಅಣ್ಣ, ನಾವು ನಾಲ್ಕು ಜನ ಫ್ರೆಂಡ್ಸ್ ದೇವರಾಯನದುರ್ಗ ಕಾಡಲ್ಲಿ ಒಂದು ರಾತ್ರಿ ಊಟ ಟೆಂಟು ಏನೂ ಇಲ್ದೇ ಸರ್ವೈವಲ್ ಚಾಲೆಂಜ್ ಮಾಡಿ ಯೂಟ್ಯೂಬಿಗೆ ಹಾಕ್ಬೇಕು ಅಂತಿದೀವಿ. ಒಂದು ಚಾಕು, ಬೆಂಕಿಪೊಟ್ಟಣ ಅಷ್ಟೇ. ಟಿಪ್ಸ್ ಕೊಡಿ.
(ಮಧುಗಿರಿ)

ಟಿಪ್ಸ್ ಒಂದೇ, ಹೋಗ್ಬೇಡ್ರಪ್ಪ.

ಮೊದಲು ಕಾನೂನು. ಮೀಸಲು ಅರಣ್ಯಕ್ಕೆ ಪರ್ಮಿಷನ್ ಇಲ್ದೇ ನುಗ್ಗೋದು, ಒಳಗೆ ಬೆಂಕಿ ಹಾಕೋದು ಎರಡೂ 1963ರ ಕರ್ನಾಟಕ ಅರಣ್ಯ ಕಾಯ್ದೆ ಪ್ರಕಾರ ಅಪರಾಧ. ಮೊಲ, ಕೌಜುಗ, ಉಡ ಏನನ್ನೇ ಹಿಡಿದ್ರೂ 1972ರ ವನ್ಯಜೀವಿ ಕಾಯ್ದೆ ಬರುತ್ತೆ, ಉಡ ಅಂತೂ ಹುಲಿ ಇರೋ ಪಟ್ಟೀಲೇ ಇದೆ. ನೀವಾಗೇ ವಿಡಿಯೋ ಮಾಡಿ ಯೂಟ್ಯೂಬಿಗೆ ಹಾಕಿದ್ರೆ ಅರಣ್ಯ ಇಲಾಖೆಯೋರಿಗೆ ಸಾಕ್ಷಿ ಹುಡುಕೋ ಕೆಲಸಾನೂ ಉಳಿಯುತ್ತೆ. ಬೇಸಿಗೇಲಿ ಒಣಗಿದ ಹುಲ್ಲಿಗೆ ಒಂದು ಕಿಡಿ ಬಿದ್ರೆ ಬೆಟ್ಟಕ್ಕೆ ಬೆಟ್ಟಾನೇ ಹೋಗುತ್ತೆ, ಅದಂತೂ ನೀವು ಕಣ್ಣಾರೆ ನೋಡಿರ್ತೀರಿ.

ಆಮೇಲೆ ಪ್ರಾಣಿ. 2019ರ ಕೊನೆ, 2020ರ ಶುರೂಲಿ ಹೆಬ್ಬೂರು, ಗುಬ್ಬಿ ಕಡೆ ಚಿರತೆಗೆ ಜನ ಬಲಿಯಾದ್ರು, ಅದ್ರಲ್ಲಿ ಸಣ್ಣ ಮಕ್ಕಳೂ ಇದ್ರು, ಮರೆತ್ರಾ? ಕರಡಿ ವಿಷಯ ಮಧುಗಿರಿಯೋರಿಗೆ ನಾನು ಹೇಳ್ಬೇಕಾಗೇ ಇಲ್ಲ, ತಿಮ್ಲಾಪುರ ಅಭಯಾರಣ್ಯ ಇರೋ ಜಿಲ್ಲೆ ನಮ್ದು. ಕರಡಿಗೆ ದೃಷ್ಟಿ ಮಂದ, ಹುತ್ತ ಅಗೀತಾ ಇರೋವಾಗ ಹತ್ರ ಬರೋವರ್ಗೂ ಅದಕ್ಕೆ ನೀವು ಬಂದಿದ್ದೇ ಗೊತ್ತಾಗಲ್ಲ, ಗೊತ್ತಾದ ತಕ್ಷಣ ಗಾಬರಿಗೆ ಮುಖಕ್ಕೇ ಬೀಳುತ್ತೆ. ಅದಕ್ಕೇ ಹಳಬರು ಬೆಟ್ಟದ ದಾರೀಲಿ ಗಟ್ಟಿಯಾಗಿ ಮಾತಾಡ್ಕೊಂಡೋ ಕೆಮ್ಮಿಕೊಂಡೋ ಹೋಗ್ತಿದ್ದಿದ್ದು. ನಿಮ್ಮ ಟೀವಿ ಹೀರೋ ಸದ್ದು ಮಾಡ್ದೇ ಬಗ್ಗಿ ಬಗ್ಗಿ ನಡೀತಾನಲ್ಲ, ನಮ್ಮ ಕಾಡಲ್ಲಿ ಅದು ಕರಡಿಗೆ ಕೈಯಾರೆ ಮುಖ ಕೊಟ್ಟಂಗೆ.

ಬಂಡೆಗಳ ವಿಷಯ ಬೇರೆ. 2022ರ ಫೆಬ್ರವರೀಲಿ ಪಕ್ಕದ ಚಿಕ್ಕಬಳ್ಳಾಪುರದ ನಂದಿಬೆಟ್ಟದ ಹತ್ರ ಬ್ರಹ್ಮಗಿರಿ ಬಂಡೇಲಿ ಜಾರಿದ ಒಬ್ಬ ಹುಡುಗ ಸುಮಾರು ಮುನ್ನೂರು ಅಡಿ ಕೆಳಗೆ ಸಿಕ್ಕಾಕ್ಕೊಂಡ, ಏರ್‌ಫೋರ್ಸ್ ಹೆಲಿಕಾಪ್ಟರ್ ಬಂದು ಎತ್ಬೇಕಾಯ್ತು. ಅವನು ಬದುಕಿದ್ದು ಅಲ್ಲಾಡ್ದೇ ಇದ್ದಿದ್ದಕ್ಕೆ, ಹೊರಗಿನೋರಿಗೆ ಸುದ್ದಿ ಮುಟ್ಟಿದ್ದಕ್ಕೆ. ಅಲ್ಲೇ ಬಳ್ಳಿ ಕಟ್ಕೊಂಡು ಇಳೀತೀನಿ ಅಂತ ಹೊರಟಿದ್ರೆ ಏನಾಗ್ತಿತ್ತು ಯೋಚ್ನೆ ಮಾಡಿ. ದಾರಿ ತಪ್ಪಿದೋನು ನಡೀತಾ ಹೋದಷ್ಟೂ ಹುಡುಕೋರಿಗೆ ಜಾಗ ದೊಡ್ಡದಾಗುತ್ತೆ, ಕೂತಲ್ಲೇ ಕೂತ್ರೆ ಸಿಗ್ತಾನೆ. ಆದ್ರೆ ಕೂತಲ್ಲೇ ಕೂರೋದಕ್ಕೆ ಯಾವ ಚಾನೆಲ್‌ನಲ್ಲೂ ಟಿಆರ್‌ಪಿ ಬರಲ್ಲ.

ಅಷ್ಟು ಆಸೆ ಇದ್ರೆ ಅರಣ್ಯ ಇಲಾಖೆಯೋರೇ ಟ್ರೆಕ್ಕಿಂಗ್ ಬಿಡೋ ದಾರಿಗಳಿವೆ, ಆನ್‌ಲೈನಲ್ಲಿ ಬುಕ್ ಮಾಡಿ ಗೈಡ್ ಜೊತೆ ಹೋಗಿ. ಒಂದು ರಾತ್ರಿ ಉಪವಾಸ ಇರೋದು ಚಾಲೆಂಜು ಅಂತಾದ್ರೆ ಮನೆ ಮಹಡಿ ಮೇಲೆ ಮಲಗಿ, ಅಮ್ಮನ ಮುದ್ದೆ ಸಾರಿನ ವಾಸನೆ ಬರ್ತಿರುತ್ತಲ್ಲ, ಅದು ಕಾಡಿಗಿಂತ ಕಷ್ಟ.

ಹಾವು ಕಚ್ಚಿದ್ರೆ ಶೋದಲ್ಲಿ ತೋರಿಸೋ ಹಾಗೆ ಕೊಯ್ದು ವಿಷ ಹೀರಿ ಉಗುಳಬೇಕಾ? ಕಟ್ಟು ಎಷ್ಟು ಬಿಗಿ ಇರ್ಬೇಕು?
(ಚಿಕ್ಕನಾಯಕನಹಳ್ಳಿ)

ಕೊಯ್ಬೇಡಿ, ಹೀರ್ಬೇಡಿ, ಬಿಗಿಯಾಗಿ ಕಟ್ಲೂ ಬೇಡಿ. ಹಗ್ಗದಲ್ಲಿ ಬಿಗಿದ್ರೆ ರಕ್ತ ನಿಂತು ಕೈ ಕಾಲೇ ಹೋಗ್ಬೋದು. ಹೀರಿದ್ರೆ ವಿಷ ಬರಲ್ಲ, ಗಾಯ ಕೆಡುತ್ತೆ. ಹಳೇ ಸಿನಿಮಾಗಳಲ್ಲಿ ಹೀರೋ ಹೀರಿ ಹೀರೋಯಿನ್ ಪ್ರಾಣ ಉಳಿಸಿದ್ದು ಪ್ರೀತಿಗೆ ಮಾತ್ರ ಸರಿ.

ನಮ್ಮ ಕಡೆ ಪ್ರಾಣ ತೆಗೆಯೋದು ಮುಖ್ಯವಾಗಿ ನಾಲ್ಕು, ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ. ಭಾರತದಲ್ಲಿ ತಯಾರಾಗೋ ವಿಷನಿರೋಧಕ ಚುಚ್ಚುಮದ್ದು ಈ ನಾಲ್ಕಕ್ಕೂ ಸೇರಿ ಒಂದೇ, ಅದಕ್ಕೆ ಯಾವ ಹಾವು ಅಂತ ಹಿಡ್ಕೊಂಡು ಹೋಗೋ ಸಾಹಸ ಬೇಡ, ಅದು ಇನ್ನೊಬ್ರಿಗೂ ಕಚ್ಚುತ್ತೆ. ಉಂಗುರ ಬಳೆ ಕಾಲ್ಗೆಜ್ಜೆ ಬಿಚ್ಚಿ, ಕಚ್ಚಿದ ಕೈನೋ ಕಾಲನ್ನೋ ಅಲ್ಲಾಡ್ದಂಗೆ ಕೋಲು ಕೊಟ್ಟು ಸಡಿಲವಾಗಿ ಆನಿಸಿ, ನಡೆಸ್ಬೇಡಿ, 108ಕ್ಕೆ ಫೋನ್ ಮಾಡಿ ಇಲ್ಲಾ ಸಿಕ್ಕಿದ ಗಾಡೀಲಿ ಆಸ್ಪತ್ರೆಗೆ. ಕಟ್ಟುಹಾವಿನ ಕಡಿತ ನೋಯೋದೇ ಕಮ್ಮಿ, ರಾತ್ರಿ ನೆಲದ ಮೇಲೆ ಮಲಗಿದೋರಿಗೆ ಕಚ್ಚಿರುತ್ತೆ, ಬೆಳಗ್ಗೆ ಹೊಟ್ಟೆ ನೋವು, ರೆಪ್ಪೆ ಎತ್ತೋಕೆ ಆಗ್ತಿಲ್ಲ ಅಂದ್ರೆ ಗ್ಯಾಸ್ಟ್ರಿಕ್ ಅಂತ ಸೋಡಾ ಕುಡಿಸ್ತಾ ಕೂರ್ಬೇಡಿ, ಓಡಿ. ಕರ್ನಾಟಕದಲ್ಲಿ 2024ರಿಂದ ಹಾವು ಕಡಿತ ಸರ್ಕಾರಕ್ಕೆ ವರದಿ ಮಾಡಲೇಬೇಕಾದ ಪ್ರಕರಣ, ಖಾಸಗಿ ಆಸ್ಪತ್ರೆಯೋರೂ ಮಾಡಬೇಕು. ಮಂತ್ರ ಹಾಕ್ಸೋದಿದ್ರೆ ಚುಚ್ಚುಮದ್ದು ಆದ್ಮೇಲೆ ಹಾಕ್ಸ್ಕೊಳ್ಳಿ, ನನ್ನ ತಕರಾರಿಲ್ಲ.

ಸ್ವಾಮಿ, ನಾನು ಕುರಿ ಮೇಯಿಸೋನು, ಹೇಳೋದನ್ನ ಮೊಮ್ಮಗಳ ಕೈಲಿ ಬರೆಸ್ತಿದೀನಿ. ಟೀವೀಲಿ ಆ ಬಿಳಿ ಸಾಹೇಬ ಹುಳ ತಿಂದು, ಕಲ್ಲ ಮೇಲೆ ಮಲಗಿ ದುಡ್ಡು ಮಾಡ್ತಾನೆ. ನಾವು ಮಂದೆ ಹಿಂದೆ ತಿಂಗಳಾನುಗಟ್ಟಲೆ ಬಯಲಲ್ಲಿ ಮಲಗ್ತೀವಿ, ನಮ್ಮನ್ಯಾಕೆ ಟೀವೀಲಿ ತೋರಿಸಲ್ಲ?
(ಕೊರಟಗೆರೆ ತಾಲ್ಲೂಕು)

ಅಜ್ಜಾರೇ, ತೋರಿಸಲ್ಲ ಯಾಕಂದ್ರೆ ನೀವು ಗಾಬರಿ ಆಗಲ್ಲ. ಮಳೆ ಬಂದ್ರೆ ಕಂಬಳಿ ಕೊಪ್ಪೆ ಹಾಕ್ಕೊಂಡು ಕೂರ್ತೀರಿ, ಎಲ್ಲಿ ನೀರಿದೆ ಮೊದ್ಲೇ ಗೊತ್ತು, ಚಿರತೆ ಬಂದ್ರೆ ನಾಯಿ ಬೊಗಳುತ್ತೆ, ರಾತ್ರಿ ಒಬ್ರಾದ್ಮೇಲೆ ಒಬ್ರು ಎದ್ದಿರ್ತೀರಿ. ಕ್ಯಾಮೆರಾದೋನು ತಿಂಗಳು ಪೂರ್ತಿ ನಿಮ್ಮ ಹಿಂದೆ ಅಲೆದ್ರೂ ಅವನಿಗೆ ಒಂದು ಎಪಿಸೋಡು ಸಿಗಲ್ಲ. ಆ ಸಾಹೇಬರ ಶೋದಲ್ಲಿ ಮನುಷ್ಯ ಒಬ್ಬನೇ, ಕಾಡು ಅವನ ಶತ್ರು. ನಿಮ್ಮ ಹತ್ರ ನಾಯಿ ಇದೆ, ಕುರಿ ಇದೆ, ಜೊತೆಗಾರ ಇದಾನೆ, ಮುಂದಿನ ಊರಲ್ಲಿ ಹೊಲಕ್ಕೆ ಮಂದೆ ನಿಲ್ಸಿ ಅಂತ ಕಾಳು ಕೊಡೋ ಗೌಡ ಇದಾನೆ. ಒಂಟಿಯಾಗಿ ಕಾಡಲ್ಲಿ ಬದುಕಿದೋರು ತೀರಾ ಕಮ್ಮಿ, ಬೇಟೆ ಆಡ್ಕೊಂಡು ಇದ್ದೋರೂ ಗುಂಪಲ್ಲೇ ಇದ್ರು, ಒಬ್ಬನ್ನೇ ಬಿಡೋದು ಟೀವಿಯೋರ ನಿಯಮ.

ಹುಳದ ವಿಷಯ ಹೇಳಿದ್ರಿ. ಮೊದಲ ಮಳೆಗೆ ಹುತ್ತದಿಂದ ಏಳೋ ರೆಕ್ಕೆ ಗೆದ್ದಲನ್ನ ಹುರಿದು, ಪುರಿ ಜೊತೆ ಬೆರೆಸಿ ತಿನ್ನೋರು ನಮ್ಮ ಕಡೇನೂ ಇದ್ದಾರಲ್ಲ, ರುಚಿಗೆ ತಿಂತಾರೆ, ಮುಖ ಕಿವುಚಲ್ಲ. ಟೀವೀಲಿ ಮುಖ ಕಿವುಚಿದ್ರೇನೇ ದುಡ್ಡು. ಎಲಚಿ ಹಣ್ಣು, ಕಾರೆ ಹಣ್ಣು, ಬೇಲದ ಹಣ್ಣು, ಅಣ್ಣೆ ಸೊಪ್ಪು ಯಾವ ತಿಂಗಳು ಎಲ್ಲಿ ಸಿಗುತ್ತೆ ಅಂತ ನಿಮ್ಮ ಮೊಮ್ಮಗಳಿಗೆ ಒಂದು ನೋಟ್‌ಬುಕ್ಕಲ್ಲಿ ಬರೆಸಿ. ಉಮ್ಮತ್ತಿ ಕಾಯಿ, ಗುಲಗಂಜಿ ತಿಂದ್ರೆ ಸಾಯ್ತಾರೆ ಅನ್ನೋದನ್ನೂ ಬರೆಸಿ. ನನಗೊಂದು ಕಾಪಿ ಕಳ್ಸಿದ್ರೆ ಇದೇ ಪುಟದಲ್ಲಿ ಹಾಕ್ತೀನಿ, ಹೆಸರು ಬೇಕಂದ್ರೆ ಹೆಸರು ಸಮೇತ.

ಸರ್, ನಾವು ಕಾಲೇಜು ಹುಡುಗೀರು ಸಿದ್ಧರಬೆಟ್ಟಕ್ಕೆ ಹಗಲಲ್ಲೇ ಹೋಗಿ ಬರ್ತೀವಿ, ಸರ್ವೈವಲ್ ಗಿರ್ವೈವಲ್ ಏನಿಲ್ಲ. ಆದ್ರೂ ಬ್ಯಾಗಲ್ಲಿ ಏನಿಟ್ಕೋಬೇಕು?
(ಕುಣಿಗಲ್)

ಬುದ್ಧಿವಂತ ಪ್ರಶ್ನೆ ಕೊನೆಗೆ ಬಂತು. ಒಬ್ಬೊಬ್ರಿಗೆ ಎರಡು ಲೀಟರ್ ನೀರು, ಬಿಸಿಲು ಜಾಸ್ತಿ ಇದ್ರೆ ಮೂರು. ಕಡ್ಲೆಮಿಠಾಯಿ. ಟೋಪಿ. ಫುಲ್ ಚಾರ್ಜ್ ಆಗಿರೋ ಫೋನು, ಹತ್ತೋವಾಗ ರೀಲ್ಸ್ ಮಾಡಿ ಬ್ಯಾಟರಿ ಮುಗಿಸ್ಬೇಡಿ, ಬೆಟ್ಟದ ಹಿಂಭಾಗದಲ್ಲಿ ನೆಟ್‌ವರ್ಕ್ ಹುಡುಕ್ತಾ ಹುಡುಕ್ತಾನೂ ಚಾರ್ಜು ಬೇಗ ಇಳಿಯುತ್ತೆ. ಹಗಲಿಗೇ ಹೋಗೋದಾದ್ರೂ ಒಂದು ಸಣ್ಣ ಟಾರ್ಚು. ಒಂದು ಸೀಟಿ, ಜಾತ್ರೇಲಿ ಸಿಗೋದಾದ್ರೂ ಸಾಕು, ಕೂಗಿ ಕೂಗಿ ಗಂಟಲು ಹೋದ್ಮೇಲೂ ಊದಬೋದು, ಮೂರು ಸಲ ಊದಿ ನಿಲ್ಸಿ ಮತ್ತೆ ಮೂರು ಸಲ ಊದಿದ್ರೆ ಅಪಾಯದಲ್ಲಿದೀವಿ ಅಂತ ಅರ್ಥ. ಕೋತಿಗಳ ಎದುರಿಗೆ ಪ್ಲಾಸ್ಟಿಕ್ ಕವರ್ ಸದ್ದು ಮಾಡ್ಬೇಡಿ. ಮನೇಲಿ ಇಂಥ ಬೆಟ್ಟ, ಇಂಥ ದಾರಿ, ಇಷ್ಟು ಗಂಟೆಗೆ ವಾಪಸ್ ಅಂತ ಹೇಳಿ ಹೋಗಿ. ಕಂಬೈನ್ಡ್ ಸ್ಟಡಿ ಅಂತ ಸುಳ್ಳು ಹೇಳಿ ಬಂದಿದ್ರೆ ಹುಡುಕೋರು ಬೆಟ್ಟ ಬಿಟ್ಟು ಲೈಬ್ರರಿಗೆ ಹೋಗ್ತಾರೆ.